ಸೋಮಾರಿತನದ ಕವಾಯತು

ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಸೈನ್ಯದಲ್ಲಿದ್ದು ನಿವೃತ್ತನಾದ ಗಂಡನನ್ನು ಸಾಧಾರಣ ಮನುಷ್ಯನೆಂದು ನಾಲ್ಕು ಜನರ ಮುಂದೆ ತೋರಿಸುವುದು, ಹೊಲಿಗೆಯಕ್ಕನ ಅನುಭವದಲ್ಲಿ, ಕಬ್ಬಿಣದ ಬೀರುವನ್ನು ಕರವಸ್ತ್ರದಿಂದ ಮುಚ್ಚಿಡುವಷ್ಟೇ ಸುಲಭ. ಈ ಕಡೆ ಎಳೆದರೆ ಆ ಕಡೆ ಕಾಣುತ್ತದೆ. ಆದರೂ ಆಕೆ ಈ ಸಾಹಸಕ್ಕೆ ಕೈಹಾಕಿದಳು. ಅದಕ್ಕೆ ಕಾರಣ ಒಂದು ಕಿಟಕಿ.

ಕಿಟಕಿ ಇದ್ದದ್ದು ಬಾಡಿಗೆಗೆ ಖಾಲಿಯಿದ್ದ ಒಂದು ಮಹಡಿ ಮನೆಯಲ್ಲಿ. ಉತ್ತರಕ್ಕೆ ಮುಖ ಮಾಡಿದ ಅಗಲ ಕಿಟಕಿ. ದಿನವಿಡೀ ಬೆಳಕುಂಟು, ಬಿಸಿಲಿಲ್ಲ. ಅದರ ಕೆಳಗೆ ಹೊಲಿಗೆ ಯಂತ್ರ ಇಟ್ಟುಕೊಂಡರೆ ಕಪ್ಪು ಬಟ್ಟೆಗೆ ಕಪ್ಪು ದಾರ ಹಾಕುವಾಗಲೂ ಕಣ್ಣು ಕಿರಿದು ಮಾಡಬೇಕಾಗಿಲ್ಲ. ಮದುವೆಯಾದಂದಿನಿಂದ ಆಕೆ ಬಾಳಿದ್ದು ಸೈನಿಕರ ವಸತಿಗೃಹಗಳಲ್ಲಿ. ಯಾರ ಸಮವಸ್ತ್ರ ಸಡಿಲವಾದರೂ, ಯಾರ ತೋಳಿಗೆ ಹೊಸ ಪಟ್ಟಿ ಬಂದರೂ ಬಟ್ಟೆ ಆಕೆಯ ಬಾಗಿಲಿಗೆ ಬರುತ್ತಿತ್ತು. ಹಾಗಾಗಿ ಹೆಸರು ಹಿಂದೆ ಸರಿದು 'ಹೊಲಿಗೆಯಕ್ಕ' ಎನ್ನುವುದೇ ನಿಂತುಬಿಟ್ಟಿತು. ಊರಿಗೆಲ್ಲ ಅಳತೆಗೆ ಸರಿಯಾಗಿ ಹೊಲಿದುಕೊಟ್ಟವಳ ಸ್ವಂತ ಮನೆಯ ಪರದೆ ಮಾತ್ರ ಯಾವತ್ತೂ ಅಳತೆಗೆ ಸರಿಯಾಗಿರಲಿಲ್ಲ. ಮದುವೆಯ ಹೊಸದರಲ್ಲಿ ಹೊಲಿದ ನೀಲಿ ಪರದೆ ಅದು. ಗಂಡನಿಗೆ ವರ್ಗವಾದಾಗಲೆಲ್ಲ ಕಿಟಕಿ ಬದಲಾಗುತ್ತಿತ್ತು. ಕೆಳಗಿನ ಮಡಿಕೆ ಬಿಚ್ಚು, ಮತ್ತೆ ಮಡಿಚು, ಮತ್ತೆ ಹೊಲಿ. ಬಿಚ್ಚಿದ ಹೊಲಿಗೆಯ ಗುರುತುಗಳು ಪರದೆಯ ಅಡಿಯಲ್ಲಿ ಗೆರೆಗೆರೆಯಾಗಿ ಉಳಿದಿದ್ದವು. ಯಾವುದಾದರೂ ಒಂದು ಕಿಟಕಿಗೆ ಸರಿಯಾಗಿ ಅದನ್ನು ಕತ್ತರಿಸಿ, ಮಿಕ್ಕ ಬಟ್ಟೆಯನ್ನು ನೆಲ ಒರೆಸಲು ಹಾಕಿ, ಇನ್ನು ಮುಗಿಯಿತು ಎನ್ನಬೇಕು. ಆಕೆಯ ಆಸೆ ಇಷ್ಟೇ.

ಮನೆ ತೋರಿಸಿದ ಬ್ರೋಕರ್ ಮೆಟ್ಟಿಲಿಳಿಯುವಾಗ ದನಿ ತಗ್ಗಿಸಿ ಒಂದು ಮಾತು ಹೇಳಿದ. ಕೆಳಗಿನ ಮನೆಯಲ್ಲೇ ಇರುವ ಓನರಮ್ಮನಿಗೆ ಮಕ್ಕಳಿರುವವರು ಆಗುತ್ತದೆ, ನಾಯಿ ಸಾಕುವವರು ಆಗುತ್ತದೆ, ಡ್ರಮ್ ಬಾರಿಸುವವರೂ ಆಗುತ್ತದೆ. ಮಿಲಿಟರಿಯವರು ಮಾತ್ರ ಆಗುವುದಿಲ್ಲ.

ಓನರಮ್ಮನನ್ನು ದೂರುವಂತೆಯೂ ಇರಲಿಲ್ಲ. ಹಿಂದೆ ಈ ಮಹಡಿಯಲ್ಲಿದ್ದವರು ಒಬ್ಬ ನಿವೃತ್ತ ಕ್ಯಾಪ್ಟನ್. ಬೀದಿಯವರ ಬಾಯಲ್ಲಿ 'ಸೀಟಿ ಕ್ಯಾಪ್ಟನ್'. ಬೆಳಕು ಹರಿಯುವ ಮೊದಲೇ ಸೀಟಿ ಊದಿ ಇಡೀ ಬೀದಿಯ ಯೋಗಕ್ಷೇಮ ವಿಚಾರಿಸುತ್ತಿದ್ದರು. ಅಂಗಳದ ಕಲ್ಲುಗಳಿಗೆ ಸುಣ್ಣ ಬಳಿದರು, ಹೂಕುಂಡಗಳಿಗೆ ಬಳಿದರು, ಮಲಗಿದ್ದ ಬೆಕ್ಕು ಎದ್ದು ಹೋದದ್ದರಿಂದ ಅದೊಂದು ಉಳಿಯಿತು. ಇದನ್ನೆಲ್ಲ ಓನರಮ್ಮ ಸಹಿಸಿದ್ದರು. ಆದರೆ ಮೆಟ್ಟಿಲ ಬುಡದಲ್ಲಿ ಅವರದೊಂದು ಹಳೆಯ ಬೆತ್ತದ ಕುರ್ಚಿ ಇತ್ತು. ಗೇಟಿನ ಕಡೆಗೆ ಸ್ವಲ್ಪ ವಾರೆಯಾಗಿ ಹಾಕಿಕೊಂಡು ಕೂತರೆ ಬೀದಿಯ ಈ ತುದಿಯಿಂದ ಆ ತುದಿಯವರೆಗೆ ಎಲ್ಲರ ಮನೆಯ ಸಮಾಚಾರ ಕಾಣುತ್ತಿತ್ತು. ಓಡಾಡುವ ದಾರಿಗೆ ಅಡ್ಡವೆಂದು ಕ್ಯಾಪ್ಟನ್ ಆ ಕುರ್ಚಿಯನ್ನು ಎತ್ತಿ ಒಳಗಿಟ್ಟರು. ಅವರು ಮನೆ ಬಿಟ್ಟ ದಿನವೇ ಓನರಮ್ಮ ಕುರ್ಚಿಯನ್ನು ಹೊರಗೆ ತಂದು, ಮೊದಲಿಗಿಂತ ಹೆಚ್ಚು ವಾರೆಯಾಗಿ ಹಾಕಿ, ಶಪಥ ಮಾಡಿದರಂತೆ.

ಹೊಲಿಗೆಯಕ್ಕ ಗಂಡನನ್ನು 'ಯಜಮಾನರು' ಎನ್ನುತ್ತಿದ್ದಳು. (ಅದು ಪದವಿಯೇ ಹೊರತು ಅಧಿಕಾರವಲ್ಲ.) ಸೈನ್ಯದಲ್ಲಿ ಟ್ರಕ್ಕು ಓಡಿಸಿ ಬಂದ ಯಜಮಾನರು ಈಗ ಒಂದು ಪೀಠೋಪಕರಣಗಳ ಗೋದಾಮಿನಲ್ಲಿ ಮೇಲ್ವಿಚಾರಕರು. ಸಂಜೆ ಅವರ ಮುಂದೆ ವಿಷಯ ಇಟ್ಟಾಗ ಅವರು ಬೆನ್ನು ನೆಟ್ಟಗೆ ಮಾಡಿ ಕೇಳಿದರು.

"ಅಂದರೆ, ಸುಳ್ಳು ಹೇಳಬೇಕಾ?"

"ಸುಳ್ಳು ಯಾಕೆ? ಗೋದಾಮಿನಲ್ಲಿ ಕೆಲಸ ಅಂತ ಹೇಳೋಣ. ಈಗ ನೀವಿರೋದು ಅಲ್ಲೇ ತಾನೆ."

"ಅದಕ್ಕೆ ಮುಂಚೆ ಎಲ್ಲಿದ್ರಿ ಅಂದ್ರೆ?"

"ತಕ್ಷಣ ಉತ್ತರ ಕೊಡಬೇಡಿ. ಸ್ವಲ್ಪ ಹೊತ್ತು ಸುಮ್ಮನಿದ್ದು, ಹ್ಞಾ... ನೋಡೋಣ, ಅನ್ನಿ. ಏನು ಕೇಳಿದ್ರೂ ಅಷ್ಟೇ. ಪ್ರಪಂಚದಲ್ಲಿ ಮಿಕ್ಕವರೆಲ್ಲ ಹಾಗೇ ಬದುಕ್ತಿರೋದು."

ಯಜಮಾನರು ಯೋಚಿಸಿ, ಇದು ಸಲಹೆಯೋ ಆರ್ಡರೋ ಎಂದು ಕೇಳಿದರು. ಆರ್ಡರ್ ಎಂದೇ ತಿಳಿದುಕೊಳ್ಳಿ, ನಾನು ವಾಪಸ್ ತೆಗೆದುಕೊಳ್ಳುವವರೆಗೂ ಜಾರಿಯಲ್ಲಿರುತ್ತದೆ ಎಂದಳು. ಅವರ ಮುಖ ನಿರಾಳವಾಯಿತು. ಸಲಹೆಗಳೆಂದರೆ ಅವರಿಗೆ ಗೊಂದಲ. ಆರ್ಡರ್ ಆದರೆ ಏನೂ ಕಷ್ಟವಿಲ್ಲ.

ಮೊದಲು ಮೂರು ತಿಂಗಳು ನೋಡುತ್ತೇನೆ, ಆಮೇಲೆ ಕರಾರು ಎಂದರು ಓನರಮ್ಮ. ಸಾಮಾನು ಇಳಿಸುವ ದಿನವೇ ಅರ್ಧ ಗುಟ್ಟು ರಟ್ಟಾಗುವುದರಲ್ಲಿತ್ತು. ಯಜಮಾನರು ಗಾಡಿಯಿಂದ ಇಳಿದ ಪ್ರತಿ ಪೆಟ್ಟಿಗೆಯನ್ನೂ ಎತ್ತರದ ಪ್ರಕಾರ ಗೋಡೆಗೆ ಸಾಲಾಗಿ ನಿಲ್ಲಿಸಿದರು. ಹೊಲಿಗೆಯಕ್ಕ ಧಾವಿಸಿ ಬಂದು, ಕೈಬೀಸಿ ನಾಲ್ಕು ಮಾತು ಹೇಳಿ, ಸಾಲನ್ನು ಚದುರಿಸಿದಳು. ಸಾಮಾನು ಇಳಿಸುವವರು ಆ ಮಾತಿಗೆ ಚುರುಕಾಗಿ, ಊಟದ ಹೊತ್ತಿಗೆಲ್ಲ ಮನೆ ತುಂಬಿಸಿ ಕೊಟ್ಟರು. ಇಷ್ಟು ಬೇಗ ಕೆಲಸ ಮುಗಿದದ್ದು ಇದೇ ಮೊದಲು ಎಂದು ಅವರೇ ಆಶ್ಚರ್ಯಪಟ್ಟರು.

ಮಾರನೆಯ ಬೆಳಗಿನಿಂದ ತರಬೇತಿ ಆರಂಭವಾಯಿತು.

ಯಜಮಾನರ ಮಿಲಿಟರಿತನ ಒಂದೆರಡು ಕಡೆ ಇದ್ದರೆ ಒರೆಸಿ ತೆಗೆಯಬಹುದಿತ್ತು. ಅದು ಮೈಯೆಲ್ಲ ಹರಡಿತ್ತು. ಹಾಸಿಗೆಯ ಮೇಲಿನ ಹೊದಿಕೆಯನ್ನು ಅವರು ಎಳೆದು ಸಿಕ್ಕಿಸಿದರೆ ಅದರ ಮೇಲೆ ನೊಣ ಕೂತರೂ ಜಾರಬೇಕು. ಎಲ್ಲಿ ಹೋದರೂ ಬೆನ್ನಿಗೆ ಗೋಡೆ, ಕಣ್ಣಿಗೆ ಬಾಗಿಲು ಸಿಗುವ ಜಾಗದಲ್ಲೇ ಕೂರುತ್ತಿದ್ದರು. ಒಮ್ಮೆ ಹಲ್ಲಿನ ಡಾಕ್ಟರ ಕುರ್ಚಿಯನ್ನೇ ತಿರುಗಿಸಲು ನೋಡಿದ್ದರು. ಊಟ ಮಾಡುವಾಗ ಹೊರಗೆ ಟ್ರಕ್ಕು ಹೊರಟು ನಿಂತಿದೆ ಎನ್ನುವ ಅವಸರ. ಗೋದಾಮಿನ ಮ್ಯಾನೇಜರ್ ಫೋನ್ ಮಾಡಿದರೆ ಎದ್ದು ನಿಂತು ಮಾತಾಡುತ್ತಿದ್ದರು. ಬೀಗ ಹಾಕಿ, ಎಳೆದು ನೋಡಿ, ತಮಗೆ ತಾವೇ "ಕ್ಲಿಯರ್" ಎನ್ನುತ್ತಿದ್ದರು. ಗಂಡಹೆಂಡಿರಿಬ್ಬರೂ ಬೀದಿಯಲ್ಲಿ ಹೊರಟರೆ ನಾಲ್ಕು ಕಾಲುಗಳಿಂದ ಎರಡೇ ಕಾಲಿನ ಸದ್ದು ಬರುತ್ತಿತ್ತು. (ಅವರು ತನ್ನ ಹೆಜ್ಜೆಗೆ ಹೆಜ್ಜೆ ಹಾಕುತ್ತಿದ್ದಾರೆ ಎಂದೇ ಹೊಲಿಗೆಯಕ್ಕನ ನಂಬಿಕೆ.)

ಚಪ್ಪಲಿಯಿಂದ ಆರಂಭಿಸುವುದು ಒಳ್ಳೆಯದೆಂದು ಆಕೆಗೆ ತೋರಿತು. ಯಜಮಾನರು ಬಾಗಿಲಲ್ಲಿ ಚಪ್ಪಲಿ ಬಿಟ್ಟರೆ ಎರಡೂ ಅಂಟಿಕೊಂಡು, ಮೂತಿ ಹೊರಗೆ ಮಾಡಿ, ಮುಂದಿನ ಆಜ್ಞೆಗೆ ಕಾಯುತ್ತಿದ್ದವು.

"ಬಿಸಾಡಿ," ಎಂದಳು.

ಅವರು ಬಾಗಿ, ಒಂದನ್ನು ಸ್ವಲ್ಪ ಪಕ್ಕಕ್ಕೆ ಸರಿಸಿದರು.

"ಅದು ಬಿಸಾಡೋದಲ್ಲ, ಸರಿಸೋದು. ಮತ್ತೆ ಮೊದಲಿಂದ. ಹೊರಗೆ ಹೋಗಿ, ಬನ್ನಿ, ಬಿಸಾಡಿ."

ಯಜಮಾನರು ಹೊರಗೆ ಹೋದರು, ಬಂದರು, ಬಿಸಾಡಿದರು. ಕೆಲವು ದಿನ ಅಭ್ಯಾಸವಾದ ಮೇಲೆ ಎಷ್ಟು ಪಳಗಿದರೆಂದರೆ, ಎಡಗಾಲಿನದು ಯಾವಾಗಲೂ ಕಂಬದ ಬುಡಕ್ಕೆ, ಬಲಗಾಲಿನದು ಯಾವಾಗಲೂ ಬೋರಲು. ದಿನವೂ ಅದೇ ಜಾಗ, ಅದೇ ಭಂಗಿ. ಇದನ್ನು ನೋಡಿ ಆಕೆ ತಲೆ ಚಚ್ಚಿಕೊಂಡಳು. ಬೇರೆಬೇರೆ ಥರ ಬಿಸಾಡಬೇಕು ಎಂದಾಗ, ಒಟ್ಟು ಎಷ್ಟು ಥರ ಎಂದು ಅವರು ಕೇಳಿದರು.

ಕೂರುವುದನ್ನು ಕಲಿಸುವುದು ಇನ್ನೂ ಕಷ್ಟವಾಯಿತು. ಬೆನ್ನು ಬಗ್ಗಿಸಿ ಎಂದರೆ ಬಗ್ಗಿಸುತ್ತಿದ್ದರು. ಆದರೆ ಅದು ಸೋಮಾರಿಯ ಬೆನ್ನಾಗದೆ, ಮೂಟೆ ಹೊರಲು ಸಿದ್ಧನಾದವನ ಬೆನ್ನಾಗುತ್ತಿತ್ತು. ಆಕೆ ಸುತ್ತ ಒಂದು ಪ್ರದಕ್ಷಿಣೆ ಬಂದು, ಭುಜ ಒತ್ತಿ, ಗದ್ದ ತಗ್ಗಿಸಿ, ಕಾಲು ಚಾಚಿಸಿ, ದೂರ ನಿಂತು ಪರೀಕ್ಷಿಸುತ್ತಿದ್ದಳು. ಗೋದಾಮಿಗೆ ಹೊರಡುವ ಮೊದಲು ಅಂಗಿಯ ಒಂದು ಗುಂಡಿ ತಪ್ಪಾಗಿ ಹಾಕಿಕೊಂಡಿದ್ದಾರೋ ಇಲ್ಲವೋ ಎಂದು ತಪಾಸಣೆಯಾಗಬೇಕು. ಸರಿಯಾಗಿ ಹಾಕಿಕೊಂಡಿದ್ದರೆ ಬಿಚ್ಚಿ ಮತ್ತೆ ತಪ್ಪಾಗಿ ಹಾಕಿಕೊಳ್ಳಬೇಕು. ಈ ಶಿಕ್ಷಣವೆಲ್ಲ ನಡೆಯುತ್ತಿದ್ದುದು ನಡುಮನೆಯಲ್ಲಿ. ಅದರ ಕೆಳಗೆ ಓನರಮ್ಮನ ಅಡುಗೆಮನೆ.

ಇದರ ಜೊತೆಗೆ ಕಟ್ಟಡದ ಕೆಲಸಗಳೂ ಹೊಲಿಗೆಯಕ್ಕನ ತಲೆಗೇ ಬಂದವು. ನೀರಿನ ಮೋಟಾರು ಹಾಕಿದವರು ಆರಿಸಲು ಮರೆಯುತ್ತಿದ್ದರು, ಟ್ಯಾಂಕು ತುಂಬಿ ಗೋಡೆಯ ಮೇಲೆಲ್ಲ ಸುರಿಯುತ್ತಿತ್ತು. ಯಾರಾದರೂ ನೋಡಿಕೊಳ್ಳಬೇಕಲ್ಲ. ಕಸದ ಗಾಡಿ ಬಂದಾಗ ಒಬ್ಬರೂ ಬುಟ್ಟಿ ಹೊರಗಿಟ್ಟಿರುತ್ತಿರಲಿಲ್ಲ. ಯಾರಾದರೂ ಬಾಗಿಲು ತಟ್ಟಬೇಕಲ್ಲ. ಪಕ್ಕದ ಬೇಕರಿಯವನ ಹೆಂಡತಿ ಮಾರುಕಟ್ಟೆಗೆ ಜೊತೆಯಾಗಿ ಹೋಗೋಣ ಎಂದರೆ, ಹೊಲಿಗೆಯಕ್ಕ ಹೇಳಿದ ಹೊತ್ತಿಗಿಂತ ಮೊದಲೇ ಚೀಲ, ಕೊಡೆ, ನೀರಿನ ಬಾಟಲಿ ಸಮೇತ ಗೇಟಿನಲ್ಲಿ ನಿಂತಿರುತ್ತಿದ್ದಳು. "ಹೊರಡೋಣ" ಎಂದು ಒಂದು ಸಲ ಹೇಳಿದರೆ ಬೇಕರಿಯವನ ಹೆಂಡತಿ ತಲೆ ಬಾಚುತ್ತಲೇ ಓಡಿಬರುತ್ತಿದ್ದಳು. ಗಂಡನನ್ನು ಬಚ್ಚಿಡುವ ಗಡಿಬಿಡಿಯಲ್ಲಿ ತನಗೆ ಇದೂ ಒಂದು ತಲೆನೋವಾಯಿತಲ್ಲ ಎಂದು ಹೊಲಿಗೆಯಕ್ಕ ನೊಂದುಕೊಂಡಳು.

ನಿಜವಾದ ಗಾಬರಿ ಹುಟ್ಟಿಸಿದ್ದು ಕುರ್ಚಿ. ಒಂದು ಬೆಳಿಗ್ಗೆ ಓನರಮ್ಮ ಮೆಟ್ಟಿಲ ಬುಡದಲ್ಲಿ ನಿಂತು, ತಮ್ಮ ಬೆತ್ತದ ಕುರ್ಚಿಯನ್ನು ಬಹಳ ಹೊತ್ತು ನೋಡಿದರು. ಕುರ್ಚಿ ಗೋಡೆಗೆ ಬೆನ್ನುಕೊಟ್ಟು ನೆಟ್ಟಗೆ ನಿಂತಿತ್ತು. ಅವರು ಅದನ್ನು ವಾರೆಯಾಗಿ ತಿರುಗಿಸಿ ಕೂತರು. ಮಾರನೆಯ ದಿನವೂ ಹಾಗೇ. ಹೊಲಿಗೆಯಕ್ಕ ಇದನ್ನು ಮೇಲಿನಿಂದ ನೋಡಿದಳು. ಸಂಜೆ ಯಜಮಾನರು ಚಪ್ಪಲಿಯನ್ನು ಮೂರನೆಯ ಥರದಲ್ಲಿ ಬಿಸಾಡಿ ಒಳಗೆ ಬರುತ್ತಿದ್ದಂತೆ ತರಾಟೆಗೆ ತೆಗೆದುಕೊಂಡಳು.

"ರೀ, ಆ ಕುರ್ಚಿ ಮುಟ್ಟಬೇಡಿ ಅಂತ ಎಷ್ಟು ಸಲ ಹೇಳಬೇಕು ನಿಮಗೆ?"

"ನಾನು ಮುಟ್ಟಿಲ್ಲ."

"ಮತ್ತೆ ಅದೇನು ತಾನಾಗೇ ಎದ್ದು ನಿಲ್ಲುತ್ತಾ?"

"ನನಗೆ ಗೊತ್ತಿಲ್ಲ. ನಾನಂತೂ ಅದರ ಕಡೆ ನೋಡೋದೂ ಇಲ್ಲ. ನೋಡಿದರೆ ಕೈ ತಡೆಯಲ್ಲ ಅಂತ ಗೇಟಿನವರೆಗೂ ಆಕಾಶ ನೋಡ್ಕೊಂಡು ಹೋಗ್ತೀನಿ."

ಆಕೆ ನಂಬಲಿಲ್ಲ. ಒಂದು ಕುರ್ಚಿಯ ಚಪಲಕ್ಕೆ ನನ್ನ ಕಿಟಕಿ ಕಳೆಯುತ್ತೀರಿ ಎಂದಳು. ಯಜಮಾನರು ಪರದೆಯ ಕಡೆ ನೋಡಿದರು. ಆ ಪರದೆಯನ್ನು ಪ್ರತಿ ಸಲವೂ ಕಳಚಿ ಪೆಟ್ಟಿಗೆಗೆ ತುಂಬಿದವರು ಅವರೇ. ಅಂದಿನಿಂದ ಅವರು ಸೋಮಾರಿತನವನ್ನು ಇನ್ನೂ ಶ್ರದ್ಧೆಯಿಂದ ಅಭ್ಯಾಸ ಮಾಡಿದರು.

ಶ್ರದ್ಧೆಯಿಂದ ಮಾಡಿದ ಅಭ್ಯಾಸ ಫಲ ಕೊಡದೆ ಇರುತ್ತದೆಯೆ? ಎರಡನೆಯ ತಿಂಗಳು ಮುಗಿಯುವ ಹೊತ್ತಿಗೆ ಯಜಮಾನರಿಗೆ ರುಚಿ ಹತ್ತಿತು. ಒಂದು ಭಾನುವಾರ ಸೂರ್ಯ ಮೇಲೆ ಬಂದರೂ ಏಳಲಿಲ್ಲ. ಎಬ್ಬಿಸಿದರೆ, ಅಭ್ಯಾಸ ಮಾಡುತ್ತಿದ್ದೇನೆ ಎಂದರು. ಟೀ ಕುಡಿದ ಲೋಟವನ್ನು ನೆಲದ ಮೇಲೆ ಬಿಟ್ಟರು, ಪತ್ರಿಕೆಯನ್ನು ಹೊಟ್ಟೆಯ ಮೇಲೆ ಹರಡಿಕೊಂಡು ಗೊರಕೆ ಹೊಡೆದರು. ಅಂಗಿಯ ಗುಂಡಿ ತಾನಾಗೇ ತಪ್ಪತೊಡಗಿತು. ಓನರಮ್ಮನಿಗೆ ಅವರ ಮೇಲೆ ಏನೋ ಮಮತೆ ಹುಟ್ಟಿದಂತಿತ್ತು. ಸಂಜೆ ಮೆಟ್ಟಿಲ ಬುಡದಲ್ಲಿ ನಿಲ್ಲಿಸಿ ಬಿಸ್ಕತ್ತು ಕೊಡುತ್ತಿದ್ದರು, ಅಯ್ಯೋ ಪಾಪ ಎನ್ನುವಂತೆ ನೋಡುತ್ತಿದ್ದರು. ಹೊಲಿಗೆಯಕ್ಕನಿಗೆ ಹೆಮ್ಮೆಯಾಯಿತು. ಜೊತೆಗೆ ಮನೆಯೆಲ್ಲ ಹರಡಿದ್ದ ಪತ್ರಿಕೆ ಎತ್ತಿಡುವಾಗ ಸ್ವಲ್ಪ ಸಂಶಯವೂ ಬಂತು, ತಾನು ಮದ್ದನ್ನು ಒಂದು ಚಮಚ ಹೆಚ್ಚಾಗಿಯೇ ಕುಡಿಸಿದೆನೇ ಎಂದು.

ಮೂರು ತಿಂಗಳು ತುಂಬಿದ ಮೇಲೆ ಓನರಮ್ಮ ಮೆಟ್ಟಿಲು ಹತ್ತಿ ಬಂದರು. ನಡುಮನೆಯ ಮೇಲೆ ಒಮ್ಮೆ ಕಣ್ಣಾಡಿಸಿ ಕೂತರು. ಯಜಮಾನರು ಎದುರಿನ ಕುರ್ಚಿಯಲ್ಲಿ, ಬೆನ್ನು ಬಾಗಿಲಿಗೆ ಮಾಡಿ, ಒಣಹಾಕಿದ ಬಟ್ಟೆಯಂತೆ ಇಳಿಬಿದ್ದಿದ್ದರು. ಇಷ್ಟು ಚೆನ್ನಾಗಿ ಅವರು ಹಿಂದೆಂದೂ ಕೂತಿರಲಿಲ್ಲ. ಹೊಲಿಗೆಯಕ್ಕ ಟೀ ತಂದಳು.

ಓನರಮ್ಮ ಎರಡು ಗುಟುಕು ಕುಡಿದು ಲೋಟ ಕೆಳಗಿಟ್ಟರು. "ನೀವೊಂದು ವಿಷಯ ಮುಚ್ಚಿಟ್ಟಿದ್ದೀರಿ. ಬಂದ ವಾರದಲ್ಲೇ ನನಗೆ ಗೊತ್ತಾಯ್ತು. ಈ ಮನೆಯಲ್ಲಿ ಮಿಲಿಟರಿಯಲ್ಲಿದ್ದವರು ಇದ್ದಾರೆ."

ಹೊಲಿಗೆಯಕ್ಕ ಪರದೆಯ ಕಡೆ ನೋಡಿದಳು. ಸುಳ್ಳು ಮುಂದುವರಿಸುವ ಶಕ್ತಿ ಆಕೆಗೆ ಉಳಿದಿರಲಿಲ್ಲ. "ತಪ್ಪಾಯ್ತಮ್ಮಾ. ಮೊದಲೇ ಹೇಳಬೇಕಿತ್ತು."

"ಹೇಳಬೇಕಿತ್ತು ಕಣಮ್ಮ. ಹೋಗಲಿ, ಯಾವ ಪದವಿಯಲ್ಲಿದ್ದೆ ನೀನು?"

"ನಾನಾ?"

"ಮತ್ತಿನ್ಯಾರು, ಈ ಪಾಪದ ಮನುಷ್ಯನಾ?" ಓನರಮ್ಮ ಯಜಮಾನರ ತಪ್ಪು ಗುಂಡಿಯ ಕಡೆ ಕರುಣೆಯಿಂದ ನೋಡಿದರು. "ಬೆಳಗಾದರೆ ನನ್ನ ಅಡುಗೆಮನೆಯ ನೆತ್ತಿ ಮೇಲೆ ಶುರು. ಹೊರಗೆ ಹೋಗಿ, ಬನ್ನಿ, ಬಿಸಾಡಿ. ಮತ್ತೆ ಮೊದಲಿಂದ. ಬೆನ್ನು ಬಗ್ಗಿಸಿ. ಹಾಲು ಕಾಯಿಸ್ತಾ ನಾನೂ ಎಷ್ಟೋ ಸಲ ಬೆನ್ನು ಬಗ್ಗಿಸಿಬಿಟ್ಟಿದ್ದೀನಿ. ಆ ಸೀಟಿಯವನಿಗೆ ಸೀಟಿಯಾದ್ರೂ ಬೇಕಿತ್ತು. ನಿನಗೆ ಅದೂ ಬೇಡ."

ನೀರಿನ ಮೋಟಾರಿನ ವಿಷಯ ಬಂತು, ಕಸದ ಬುಟ್ಟಿಯ ವಿಷಯ ಬಂತು. ಬೇಕರಿಯವನ ಹೆಂಡತಿ ಈಗೀಗ ರಾತ್ರಿಯೇ ತಲೆ ಬಾಚಿಕೊಂಡು ಮಲಗುತ್ತಾಳೆ ಎನ್ನುವುದೂ ಬಂತು. ಹೊಲಿಗೆಯಕ್ಕ ಎಲ್ಲಕ್ಕೂ, ಯಾರಾದರೂ ನೋಡಿಕೊಳ್ಳಬೇಕಲ್ಲಮ್ಮ ಎಂದಳು. ಕೊನೆಗೆ ಸಿಕ್ಕ ಒಂದೇ ಆಧಾರವನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ಕುರ್ಚಿ? ಆ ಕುರ್ಚಿ ನೆಟ್ಟಗೆ ಮಾಡ್ತಿದ್ದದ್ದು ಇವರೇ ಅಮ್ಮಾ. ಆಣೆ ಮಾಡಿ ಹೇಳ್ತೀನಿ."

"ನಾನು ಕಿಟಕಿಯಿಂದ ದಿನಾ ನೋಡ್ತೀನಿ ಕಣೆ. ಬಕೆಟ್ ಹಿಡ್ಕೊಂಡು ಬರ್ತೀಯ. ನಿಲ್ಲೋದಿಲ್ಲ, ತಿರುಗಿ ನೋಡೋದಿಲ್ಲ. ಹೋಗ್ತಾ ಹೋಗ್ತಾ ಸೊಂಟದಲ್ಲಿ ಒಂದು ನೂಕು. ಕುರ್ಚಿ ಗೋಡೆಗೆ ನೆಟ್ಟಗೆ. ಇವನು ಪಾಪ ಆಕಾಶ ನೋಡ್ಕೊಂಡು ಹೋಗ್ತಾನೆ. ಮೊನ್ನೆ ಗೇಟಿಗೆ ಹಣೆ ತಾಗಿಸಿಕೊಂಡ."

ಹೊಲಿಗೆಯಕ್ಕನ ಕೈ ತಾನಾಗಿಯೇ ಸೊಂಟಕ್ಕೆ ಹೋಯಿತು. ಎಡಗಡೆ, ಕುರ್ಚಿಯ ತೋಳಿನ ಎತ್ತರಕ್ಕೆ ಸರಿಯಾಗಿ, ಒಂದು ಸಣ್ಣ ನೋವಿತ್ತು. ಯಂತ್ರ ತುಳಿದು ತುಳಿದು ಬಂದದ್ದೆಂದು ಈವರೆಗೆ ಎಣ್ಣೆ ಹಚ್ಚುತ್ತಿದ್ದಳು.

"ಅಮ್ಮಾ, ನನ್ನ ಮಾತು ಕೇಳಿ. ನಾನು ಒಂದು ದಿನವೂ ಸೈನ್ಯದಲ್ಲಿರಲಿಲ್ಲ. ಇದ್ದವರು ಇವರು. ಇಪ್ಪತ್ತು ವರ್ಷಕ್ಕೂ ಮೇಲೆ. ರೀ, ಹೇಳ್ರೀ."

ಓನರಮ್ಮ ಯಜಮಾನರ ಕಡೆ ತಿರುಗಿದರು. "ಹೌದೇನಪ್ಪಾ? ನೀನು ಮಿಲಿಟರಿಯಲ್ಲಿದ್ದೆಯಾ?"

ಯಜಮಾನರು ತಕ್ಷಣ ಉತ್ತರ ಕೊಡಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದರು. ಗದ್ದ ತಗ್ಗಿತ್ತು, ಕಾಲು ಚಾಚಿತ್ತು.

"ಹ್ಞಾ... ನೋಡೋಣ," ಎಂದರು.

"ನೋಡು, ಎಷ್ಟು ಹೆದರಿಸಿ ಇಟ್ಟಿದ್ದೀಯ," ಎಂದರು ಓನರಮ್ಮ.

ಹೊಲಿಗೆಯಕ್ಕ ಟೀ ಲೋಟಗಳನ್ನು ಎತ್ತಿಕೊಂಡಳು. ಸಾಕ್ಷಿ ಕೈಕೊಟ್ಟಿತ್ತು, ಮನೆಯೂ ಹೋದಂತೆಯೇ. ಇನ್ನು ಪೆಟ್ಟಿಗೆ ಕೆಳಗಿಳಿಸಬೇಕು, ಪರದೆ ಕಳಚಬೇಕು, ಮಡಿಕೆ ಬಿಚ್ಚಬೇಕು. ಯಾವಾಗ ಖಾಲಿ ಮಾಡಬೇಕು ಎಂದು ಸಣ್ಣ ದನಿಯಲ್ಲಿ ಕೇಳಿದಳು. ಓನರಮ್ಮ ಎದ್ದು ಕಿಟಕಿಯ ಬಳಿ ಹೋದರು. ಪರದೆಯ ಅಂಚನ್ನು ಕೈಯಲ್ಲಿ ಹಿಡಿದು, ಒಳಗೆ ಮಡಿಚಿಟ್ಟಿದ್ದ ದಪ್ಪ ಬಟ್ಟೆಯನ್ನು ಬೆರಳಲ್ಲಿ ಮುಟ್ಟಿ ನೋಡಿದರು.

"ಇದೇನಮ್ಮ, ಕೆಳಗೆ ಇಷ್ಟೊಂದು ಬಟ್ಟೆ ಬಿಟ್ಟು ಹೊಲಿದಿದ್ದೀಯ?"

"ಮುಂದಿನ ಮನೆ ಕಿಟಕಿ ಎಷ್ಟುದ್ದ ಇರುತ್ತೋ ಅಂತ."

ಓನರಮ್ಮ ಹಳೆಯ ಹೊಲಿಗೆಯ ಗೆರೆಗಳನ್ನು ಒಂದೊಂದಾಗಿ ನೋಡಿದರು. ನೋಡಿ ಮುಗಿಯಲು ಹೊತ್ತು ಹಿಡಿಯಿತು.

"ಆ ಸೀಟಿಯವನು ನನ್ನ ಕುರ್ಚೀನ ಎತ್ತಿ ಒಳಗೆ ಹಾಕಿದ," ಎಂದರು. "ನೀನು ನೆಟ್ಟಗೆ ಮಾಡಿದ್ರೂ ಅಲ್ಲೇ ಬಿಟ್ಟೆ. ಅಷ್ಟು ವ್ಯತ್ಯಾಸ ನನಗೂ ಗೊತ್ತಾಗುತ್ತೆ. ಇದನ್ನ ಕತ್ತರಿಸಿಬಿಡು. ನೋಡೋಕೆ ಚೆನ್ನಾಗಿಲ್ಲ."

ಮಾತು ಅರ್ಥವಾಗಲು ಹೊಲಿಗೆಯಕ್ಕನಿಗೆ ಒಂದು ಗಳಿಗೆ ಬೇಕಾಯಿತು. ಅರ್ಥವಾದ ಮೇಲೆ ಕಣ್ಣು ಒರೆಸಿಕೊಳ್ಳಲು ಇನ್ನೊಂದು ಗಳಿಗೆ.

ಓನರಮ್ಮ ಬಾಗಿಲಲ್ಲಿ ನಿಂತು ಮೂರು ಷರತ್ತು ಹೇಳಿದರು. ಕುರ್ಚಿ ಮುಟ್ಟಕೂಡದು. ಬೆಳಗಿನ ಹೊತ್ತು ಈ ಮನುಷ್ಯನ ಮೇಲೆ ಕೂಗಾಡಕೂಡದು. ಭಾನುವಾರ ಅವನನ್ನು ಎಬ್ಬಿಸಕೂಡದು, ಅವನಿಗೂ ಒಂದು ಜೀವವಿದೆ. ಮೂರನೆಯದನ್ನು ಕೇಳಿದಾಗ ಯಜಮಾನರು ಕುರ್ಚಿಯಲ್ಲಿ ಇನ್ನೊಂದಿಂಚು ಕೆಳಗೆ ಜಾರಿದರು.

ಮೆಟ್ಟಿಲಿಳಿಯುವ ಸದ್ದು ಮುಗಿಯುವವರೆಗೆ ಕಾದು ಹೊಲಿಗೆಯಕ್ಕ ಗಂಡನ ಕಡೆ ತಿರುಗಿದಳು.

"ಒಂದು ಮಾತು, ಹೌದು ಅಂದಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು?"

"ನೀನು ಆರ್ಡರ್ ವಾಪಸ್ ತಗೊಂಡಿರಲಿಲ್ವಲ್ಲ."

"ಈಗ ತಗೊಂಡೆ. ಏಳಿ, ಆ ಪೇಪರ್ ಎತ್ತಿಡಿ, ಗುಂಡಿ ಸರಿ ಮಾಡ್ಕೊಳ್ಳಿ."

"ಅದು ಹಾಗಾಗಲ್ಲ," ಎಂದರು ಯಜಮಾನರು, ಏಳದೆ. "ಈಗ ಬಂದಿರೋದು ಮೇಲಿನವರ ಆರ್ಡರ್. ನಿನ್ನದು ರದ್ದಾಯ್ತು."

ಆಕೆ ಉತ್ತರ ಹುಡುಕಿದಳು, ಸಿಗಲಿಲ್ಲ. ಕತ್ತರಿ ಸಿಕ್ಕಿತು. ಯಜಮಾನರು ಆಗ ಮಾತ್ರ ತಾವಾಗಿಯೇ ಎದ್ದು ಬಂದು, ಪರದೆಯ ಇನ್ನೊಂದು ತುದಿಯನ್ನು ಬಿಗಿಯಾಗಿ, ಒಂದೂ ಸುಕ್ಕಿಲ್ಲದಂತೆ ಎಳೆದು ಹಿಡಿದರು. ಕಿಟಕಿಯ ಅಂಚಿಗೆ ಸರಿಯಾಗಿ ಆಕೆ ಕತ್ತರಿಸಿದಳು. ಕೆಳಗೆ ಬಿದ್ದ ನೀಲಿ ಬಟ್ಟೆಯನ್ನು ಇಬ್ಬರೂ ಒಂದಿಷ್ಟು ಹೊತ್ತು ನೋಡಿದರು. ನೆಲ ಒರೆಸಲು ಹಾಕಬೇಕೆಂದಿದ್ದವಳು ಅದನ್ನು ಮಡಿಚಿ ಪೆಟ್ಟಿಗೆಯಲ್ಲಿಟ್ಟಳು.

ಮಾರನೆಯ ಬೆಳಿಗ್ಗೆ ಯಜಮಾನರು ಇನ್ನೂ ಮಲಗಿದ್ದರು. ಹೊಲಿಗೆಯಕ್ಕ ಬಕೆಟ್ ಹಿಡಿದು ಮೆಟ್ಟಿಲಿಳಿದಳು. ಕುರ್ಚಿ ವಾರೆಯಾಗಿತ್ತು. ಈ ದಿನ ಅದನ್ನು ಮುಟ್ಟುವುದಿಲ್ಲ ಎಂದು ಹತ್ತು ಸಲ ಅಂದುಕೊಂಡು, ಕತ್ತನ್ನು ಆ ಕಡೆ ತಿರುಗಿಸಿ, ದಾಟಿ ಹೋದಳು. ಗೇಟಿನ ಬಳಿ ನಿಂತು ತಿರುಗಿ ನೋಡಿದರೆ ಕುರ್ಚಿ ಗೋಡೆಗೆ ನೆಟ್ಟಗೆ ನಿಂತಿತ್ತು.

ಓನರಮ್ಮನ ಕಿಟಕಿ ಇನ್ನೂ ತೆರೆದಿರಲಿಲ್ಲ. ಆಕೆ ಬಕೆಟ್ ಕೆಳಗಿಟ್ಟು, ಸದ್ದಾಗದಂತೆ ಬಂದು, ಕುರ್ಚಿಯನ್ನು ಮತ್ತೆ ವಾರೆಯಾಗಿ ತಿರುಗಿಸಿದಳು. ಎರಡು ಹೆಜ್ಜೆ ಹಿಂದೆ ಸರಿದು ನೋಡಿದಳು. ನಿನ್ನೆಯಷ್ಟು ವಾರೆಯಾಗಿಲ್ಲ ಎನ್ನಿಸಿತು. ಮುಂದೆ ಬಂದು, ಬೆತ್ತದ ಕಾಲು ನೆಲದ ಹಳೆಯ ಗುರುತಿನ ಮೇಲೆ ಸರಿಯಾಗಿ ಕೂರುವಂತೆ, ಒಂದು ಕೂದಲೆಳೆಯಷ್ಟು ಸರಿಸಿದಳು. ಮತ್ತೆ ಹಿಂದೆ ಸರಿದು, ಒಂದು ಕಣ್ಣು ಮುಚ್ಚಿ ಅಳೆದು ನೋಡಿದಳು. ಈಗ ನಿನ್ನೆ ಎಷ್ಟಿತ್ತೋ ಅಷ್ಟೇ ವಾರೆ.

"ಕ್ಲಿಯರ್," ಎಂದು ತನಗೆ ತಾನೇ ಹೇಳಿಕೊಂಡು, ಬಕೆಟ್ ಎತ್ತಿಕೊಂಡಳು.